ಆರ್32 ಜಿಟಿ-ಆರ್: 280ರ ಬೇಲಿಯ ಆಚೆ ಎಂಜಿನ್ ಎಷ್ಟು ತಾಳುತ್ತದೆ?

ಪ್ರಶ್ನೆ: ನಾನು ದಾವಣಗೆರೆಯವನು, ಎಂಟು ವರ್ಷಗಳಿಂದ ಮೆಲ್ಬರ್ನ್‌ನಲ್ಲಿದ್ದೇನೆ. ಕಳೆದ ವರ್ಷ 1990ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ (ಆರ್32) ಕೊಂಡೆ. ಜಪಾನಿನಿಂದ ಬಂದ ಕಾರು, 1,28,000 ಕಿಲೋಮೀಟರ್ ಓಡಿದೆ. ಎಂಜಿನ್ ಬಿಚ್ಚಿಲ್ಲ ಎಂದು ಮಾರಿದವರು ಹೇಳಿದರು. ದಾಖಲೆಯಲ್ಲಿ ಶಕ್ತಿ 280 ಎಂದಿದೆ. ಆ ಕಾಲದ ಸುಪ್ರಾ, ಎನ್‌ಎಸ್‌ಎಕ್ಸ್, ಲ್ಯಾನ್ಸರ್ ಇವೊಲ್ಯೂಷನ್ ಎಲ್ಲಕ್ಕೂ ಅದೇ 280 ಏಕೆ? ನನ್ನ ಕಾರಿನ ನಿಜವಾದ ಶಕ್ತಿ ಎಷ್ಟು? ಎಂಜಿನ್ ಬಿಚ್ಚದೆಯೇ 500ಕ್ಕೆ ಏರಿಸಬಹುದು ಎಂದು ಇಲ್ಲಿನ ಗೆಳೆಯರು ಹೇಳುತ್ತಾರೆ. ಬೂಸ್ಟ್ ನಿಯಂತ್ರಕವನ್ನು ಆಗಲೇ ಕೊಂಡಿಟ್ಟಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಮೊದಲು ಒಂದು ಬೇಡಿಕೆ. ಆ ಬೂಸ್ಟ್ ನಿಯಂತ್ರಕ ಇನ್ನೂ ಪೆಟ್ಟಿಗೆಯಲ್ಲಿದ್ದರೆ ಅಲ್ಲೇ ಇರಲಿ. ಎಂಜಿನ್ ಹೊಗೆಯ ಬಲದಿಂದ ತಿರುಗುವ ಟರ್ಬೊ ಎಂಬ ಪಂಪು ಸಿಲಿಂಡರ್‌ಗಳಿಗೆ ತಳ್ಳುವ ಗಾಳಿಯ ಹೆಚ್ಚುವರಿ ಒತ್ತಡವೇ ಬೂಸ್ಟ್, ಅದನ್ನು ಏರಿಸುವ ಸಾಧನ ಈ ನಿಯಂತ್ರಕ. ಆರ್32 ಕೈಗೆ ಬಂದವರು ಮೊದಲು ಕೈ ಹಾಕುವುದು ಅದಕ್ಕೇ. ನಿಮ್ಮ ಕಾರಿನಲ್ಲಿರುವುದು ಆರ್‌ಬಿ26 ಎಂಬ ಎಂಜಿನ್. ಕೆಟ್ಟು ನಿಂತ ಅಂಥ ಎಂಜಿನ್‌ಗಳನ್ನು ಬಿಚ್ಚಿ ನೋಡಿದಾಗಲೆಲ್ಲ ಕೇಡಿನ ಮೊದಲ ಹೆಜ್ಜೆ ಬಹುಪಾಲು ಅಲ್ಲಿಯೇ ಸಿಕ್ಕಿದೆ. ಕಾರಣವನ್ನು ಮುಂದೆ ವಿವರಿಸುತ್ತೇನೆ. ಅದಕ್ಕೂ ಮೊದಲು 280ರ ಕತೆ ಹೇಳಬೇಕು. ನಿಮ್ಮ ಕಾರಿನಲ್ಲಿ ಏನನ್ನು ಕಟ್ಟಿಹಾಕಲಾಗಿದೆ, ಏನನ್ನು ಬಿಟ್ಟಿಡಲಾಗಿದೆ ಎಂಬುದು ಆ ಕತೆಯಿಂದಲೇ ಗೊತ್ತಾಗುವುದು.

1970ರಲ್ಲಿ ಜಪಾನಿನ ರಸ್ತೆಗಳಲ್ಲಿ 16,765 ಜನ ಸತ್ತರು. ಆ ಕಾಲವನ್ನು ಅಲ್ಲಿನವರು ‘ಸಂಚಾರ ಯುದ್ಧ’ ಎಂದು ಕರೆದರು. ಅನಂತರ ಸಾವಿನ ಸಂಖ್ಯೆ ಇಳಿಯಿತು, ಎಂಬತ್ತರ ದಶಕದಲ್ಲಿ ಮತ್ತೆ ಮೇಲೇರಿ 1988ರಲ್ಲಿ 10,344 ಮುಟ್ಟಿತು. ದೇಶದ ಕೈಯಲ್ಲಿ ಹಣ ಓಡಾಡುತ್ತಿದ್ದ ಕಾಲ ಅದು. ಟರ್ಬೊ ಅಳವಡಿಸಿದ ಕಾರುಗಳು ವರ್ಷದಿಂದ ವರ್ಷಕ್ಕೆ ಶಕ್ತಿಯಲ್ಲಿ ಒಂದನ್ನೊಂದು ಮೀರಿಸುತ್ತಿದ್ದವು. ಸಾರಿಗೆ ಸಚಿವಾಲಯದ ಹುಬ್ಬು ಗಂಟಿಕ್ಕಿತು. 1989ರ ಬೇಸಿಗೆಯಲ್ಲಿ ನಿಸ್ಸಾನ್ ಕಂಪನಿ ಫೇರ್‌ಲೇಡಿ ಝಡ್ ಕಾರನ್ನು 280 ಪಿಎಸ್ (ಜಪಾನಿನಲ್ಲಿ ಬಳಸುವ ಮೆಟ್ರಿಕ್ ಅಶ್ವಶಕ್ತಿ) ಶಕ್ತಿಯೊಂದಿಗೆ ಹೊರತಂದಿತು. ಅಲ್ಲಿಗೆ ಗೆರೆ ಬಿತ್ತು. ಕೆಲವೇ ವಾರಗಳಲ್ಲಿ ಬಂದ ನಿಮ್ಮ ಜಿಟಿ-ಆರ್ ಕೂಡ ಅದೇ ಗೆರೆಯ ಮೇಲೆ ನಿಂತಿತು. ಇದು ಶಾಸನಸಭೆ ಮಾಡಿದ ಕಾನೂನಾಗಿರಲಿಲ್ಲ. ತಯಾರಕರ ಸಂಘದ ಸದಸ್ಯರು ತಾವೇ ಹಾಕಿಕೊಂಡ ಕಟ್ಟು, ಲೋಕದ ಬಾಯಲ್ಲಿ ‘ಸಜ್ಜನರ ಒಪ್ಪಂದ’. ಗಂಟೆಗೆ 180 ಕಿಲೋಮೀಟರ್ ದಾಟದಂತೆ ತಡೆಯುವ ವೇಗಮಿತಿ ಇದಕ್ಕಿಂತ ಹಳೆಯ, ಬೇರೆಯದೇ ಆದ ಕಟ್ಟು. ನಿಮ್ಮ ಕಾರಿನಲ್ಲಿ ಎರಡೂ ಇವೆ.

280 ಪಿಎಸ್ ಎಂದರೆ 206 ಕಿಲೋವ್ಯಾಟ್. ಇಂಗ್ಲಿಷ್ ಅಶ್ವಶಕ್ತಿಯಲ್ಲಿ ಹೇಳುವುದಾದರೆ 276. ಈ ಮೂರೂ ಸಂಖ್ಯೆಗಳು ಒಂದೇ ಎಂಬುದು ನೆನಪಿರಲಿ, ಏಕೆಂದರೆ ಮೆಲ್ಬರ್ನ್‌ನ ಕಾರ್ಯಾಗಾರಗಳು ಕಿಲೋವ್ಯಾಟ್‌ನಲ್ಲಿ ಮಾತನಾಡುತ್ತವೆ, ಜಪಾನಿನ ಪತ್ರಿಕೆಗಳು ಪಿಎಸ್‌ನಲ್ಲಿ ಬರೆಯುತ್ತವೆ. ಈ ಗೊಂದಲದಲ್ಲಿ ಹತ್ತು ಇಪ್ಪತ್ತು ಕುದುರೆಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ.

ಈ ಸಂಖ್ಯೆ ಎಂಜಿನ್‌ನ ಗುಣವಲ್ಲ, ಪತ್ರದ ಮೇಲಿನ ಗುರುತು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ರಫ್ತಾದ ಕಾರುಗಳನ್ನು ನೋಡಿ. ಜಪಾನಿನಲ್ಲಿ 280 ಎನಿಸಿಕೊಂಡ ಅದೇ ಫೇರ್‌ಲೇಡಿ ಝಡ್ ಅಮೆರಿಕದಲ್ಲಿ 300 ಅಶ್ವಶಕ್ತಿಯ ಕಾರಾಗಿ ಮಾರಾಟವಾಯಿತು. 1993ರ ಟೊಯೊಟಾ ಸುಪ್ರಾ ತನ್ನ ದೇಶದಲ್ಲಿ 280, ಅಮೆರಿಕದಲ್ಲಿ 320. ಹೋಂಡಾ ಎನ್‌ಎಸ್‌ಎಕ್ಸ್ ಕಾರಿನ ಎಂಜಿನ್ 1997ರಲ್ಲಿ 3.0 ಲೀಟರ್‌ನಿಂದ 3.2ಕ್ಕೆ ಬೆಳೆಯಿತು. ಅಮೆರಿಕದಲ್ಲಿ ಅದರ ಶಕ್ತಿ 270ರಿಂದ 290ಕ್ಕೆ ಏರಿತು, ಜಪಾನಿನ ಪತ್ರಿಕೆಯಲ್ಲಿ ಮೊದಲೂ 280, ಆಮೇಲೂ 280. ಎಂಜಿನ್ ಬೆಳೆದರೂ ಸಂಖ್ಯೆ ಬೆಳೆಯಲಿಲ್ಲ.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಒಪ್ಪಂದ ಕಟ್ಟಿಹಾಕಿದ್ದು ಶಕ್ತಿಯನ್ನು ಮಾತ್ರ. ಟಾರ್ಕ್ ಎಂಬ ತಿರುಚುಬಲದ ಬಗ್ಗೆ ಯಾರೂ ಮಾತು ಕೊಟ್ಟಿರಲಿಲ್ಲ. ಎಂಜಿನಿಯರುಗಳು ಆ ಬಾಗಿಲನ್ನು ಹದಿನೈದು ವರ್ಷ ತೆರೆದೇ ಇಟ್ಟರು. ನಿಮ್ಮ ಆರ್32ರ ಟಾರ್ಕ್ 36 ಕೆಜಿ-ಮೀಟರ್, ಅನಂತರದ ಆರ್33ರದು 37.5, ಆರ್34ರದು 40. ಮೂರಕ್ಕೂ ಶಕ್ತಿ 280 ಮಾತ್ರ. ಲ್ಯಾನ್ಸರ್ ಇವೊಲ್ಯೂಷನ್ 1996ರಲ್ಲಿ ನಾಲ್ಕನೆಯ ಮಾದರಿಯಲ್ಲಿ 280 ಮುಟ್ಟಿದಾಗ ಅದರ ಟಾರ್ಕ್ 36, ಒಂಬತ್ತನೆಯ ಮಾದರಿಯ ಹೊತ್ತಿಗೆ 40.8. ಸಂಖ್ಯೆ ಕದಲದೆಯೇ ಕಾರು ವೇಗವಾಗುತ್ತ ಹೋಯಿತು. ಸುಪ್ರಾ ಎಂಜಿನ್‌ಗೆ 1997ರಲ್ಲಿ ಕವಾಟಗಳ ಹೊತ್ತನ್ನು ಬದಲಿಸುವ ವ್ಯವಸ್ಥೆ ಬಂತು, ಟಾರ್ಕ್ 44ರಿಂದ 46ಕ್ಕೆ ಏರಿತು, ಶಕ್ತಿಯ ಸಾಲಿನಲ್ಲಿ ಮತ್ತದೇ 280.

ನಿಮ್ಮ ಕಾರಿನ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಟಾರ್ಕ್ ಅನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 716ರಿಂದ ಭಾಗಿಸಿದರೆ ಪಿಎಸ್ ಬರುತ್ತದೆ. ಆರ್32ರ ಗರಿಷ್ಠ ಟಾರ್ಕ್ 4400 ಸುತ್ತಿನಲ್ಲಿ 36. ಗರಿಷ್ಠ ಶಕ್ತಿ 6800 ಸುತ್ತಿನಲ್ಲಿ 280. ಅಂದರೆ 6800ರಲ್ಲಿ ಟಾರ್ಕ್ 29.5ಕ್ಕೆ ಇಳಿದಿದೆ ಎಂದಾಯಿತು. ಒಂದೊಂದು ಸಿಲಿಂಡರ್‌ಗೂ ಪ್ರತ್ಯೇಕ ಥ್ರಾಟಲ್ ಕವಾಟ, 8000 ಸುತ್ತಿನವರೆಗೆ ಕೆಂಪು ಗೆರೆ, ಎರಡು ಟರ್ಬೊ ಇರುವ ಎಂಜಿನ್ ಇಷ್ಟು ಬೇಗ ಉಸಿರು ಬಿಡುವುದಿಲ್ಲ. 36 ಅನ್ನು 6800ರವರೆಗೆ ಹಿಡಿದಿಟ್ಟರೆ ಶಕ್ತಿ 342 ಆಗುತ್ತದೆ. ಟರ್ಬೊ ಕಾರುಗಳಲ್ಲಿ ಮೇಲಿನ ಸುತ್ತುಗಳಲ್ಲಿ ಸ್ವಲ್ಪ ಇಳಿತ ಸಹಜವೇ. ಆದರೂ ಆರ್‌ಬಿ26 ಎಂಜಿನ್‌ನ ಉಸಿರನ್ನು ಬೇಕೆಂದೇ ಬಿಗಿಹಿಡಿದಿದ್ದಾರೆ ಎಂದು ಈ ಇಳಿಜಾರೇ ಹೇಳುತ್ತದೆ.

ಬಿಗಿಹಿಡಿದದ್ದು ಎಲ್ಲಿ ಎಂಬುದನ್ನು ಬಾನೆಟ್ ಎತ್ತಿ ನೋಡಬಹುದು. ಟರ್ಬೊ ಒತ್ತಡವನ್ನು ನಿಯಂತ್ರಿಸುವ ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಕ್ಕೆ ಹೋಗುವ ರಬ್ಬರ್ ನಳಿಕೆಯ ಒಳಗೆ ಸಣ್ಣ ರಂಧ್ರದ ಒಂದು ತುಂಡು ಕೂತಿರುತ್ತದೆ, ಗುರುತಿಗೆ ಹಳದಿ ಬಣ್ಣ. ಅದು ಇರುವವರೆಗೆ ಬೂಸ್ಟ್ ಸುಮಾರು 0.75 ಬಾರ್‌ನಲ್ಲಿ ನಿಲ್ಲುತ್ತದೆ (1 ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು). ಅದನ್ನು ತೆಗೆದರೆ ಬೂಸ್ಟ್ 1 ಬಾರ್ ಹತ್ತಿರಕ್ಕೆ ಏರುತ್ತದೆ. ಹೊರಗಿನ ವಾತಾವರಣದ ಒತ್ತಡವನ್ನೂ ಸೇರಿಸಿ ಲೆಕ್ಕ ಹಾಕಿದರೆ 1.75ರಿಂದ 2ಕ್ಕೆ, ಅಂದರೆ ಸಿಲಿಂಡರ್‌ಗೆ ಹೋಗುವ ಗಾಳಿ ಸುಮಾರು ಏಳನೆಯ ಒಂದು ಪಾಲು ಹೆಚ್ಚು. 280ರ ಏಳನೆಯ ಒಂದು ಪಾಲು 40. ಈ ಕಾರಿನ ಬಗ್ಗೆ ಹಲವರು ಹೇಳುವ ‘ನಿಜವಾದ 320’ ಬಂದದ್ದು ಇಲ್ಲಿಂದ. ಕೆಲವು ರೂಪಾಯಿ ಬೆಲೆಯ ಒಂದು ತುಂಡು ನಲವತ್ತು ಕುದುರೆಗಳನ್ನು ಕಟ್ಟಿಹಾಕಿತ್ತು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಇಷ್ಟು ಮಿಗಿಲು ಶಕ್ತಿಯನ್ನು ಎಂಜಿನ್‌ನಲ್ಲಿ ಇಟ್ಟವರ ಉದ್ದೇಶ ರಸ್ತೆಯಾಗಿರಲಿಲ್ಲ. ಅವರ ಕಣ್ಣಿದ್ದದ್ದು ಗ್ರೂಪ್ ಎ ಎಂಬ ಟೂರಿಂಗ್ ಕಾರುಗಳ ಪಂದ್ಯದ ಮೇಲೆ. ಆ ನಿಯಮದಲ್ಲಿ ಟರ್ಬೊ ಎಂಜಿನ್‌ನ ಗಾತ್ರವನ್ನು 1.7ರಿಂದ ಗುಣಿಸುತ್ತಿದ್ದರು, ಬಂದ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಟೈರಿನ ಅಗಲ, ಕಾರಿನ ಕನಿಷ್ಠ ತೂಕ. ನಾಲ್ಕೂ ಚಕ್ರಗಳನ್ನು ತಿರುಗಿಸುವ ಯಂತ್ರ ಸೇರಿ ಕಾರು ಭಾರವಾಯಿತು, ಅದಕ್ಕೆ ಅಗಲ ಟೈರು ಬೇಕಿತ್ತು, ಅಗಲ ಟೈರಿಗೆ 4500 ಸಿಸಿ ವರ್ಗ ಬೇಕಿತ್ತು. 2568ನ್ನು 1.7ರಿಂದ ಗುಣಿಸಿ: 4366. ಎರಡೂವರೆಯೂ ಅಲ್ಲದ, ಮೂರೂ ಅಲ್ಲದ 2.6 ಲೀಟರ್ ಎಂಬ ವಿಚಿತ್ರ ಗಾತ್ರ ಹುಟ್ಟಿದ್ದು ಹೀಗೆ. ಎರಕದ ಕಬ್ಬಿಣದ ದಪ್ಪ ಬ್ಲಾಕ್ ಬಂದದ್ದೂ ಪಂದ್ಯದಲ್ಲಿ 500 ದಾಟಿಸಬೇಕೆಂಬ ಲೆಕ್ಕದಿಂದಲೇ. 1990ರಿಂದ 1993ರವರೆಗೆ ಜಪಾನಿನ ಗ್ರೂಪ್ ಎ ಸರಣಿಯ 29 ಪಂದ್ಯಗಳಲ್ಲಿ 29ನ್ನೂ ಈ ಕಾರು ಗೆದ್ದಿತು. ನೀವಿರುವ ದೇಶದಲ್ಲಿಯೇ, ಬ್ಯಾಥರ್ಸ್ಟ್‌ನಲ್ಲಿ, ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್ ಜೋಡಿ 1991 ಮತ್ತು 1992ರಲ್ಲಿ ಗೆದ್ದರು. ಎರಡನೆಯ ಸಲ ಕಾರಿನ ಮೇಲೆ ಹೆಚ್ಚುವರಿ ತೂಕ ಹೇರಿದ್ದರೂ ಗೆಲುವು ತಪ್ಪಲಿಲ್ಲ. ಅದಕ್ಕೆ ‘ಗಾಡ್ಜಿಲ್ಲಾ’ ಎಂದು ಹೆಸರಿಟ್ಟವರೂ ಆಸ್ಟ್ರೇಲಿಯಾದವರೇ.

ಇಷ್ಟನ್ನು ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತು ಇದು: ಪಂದ್ಯಕ್ಕೆಂದೇ ಕಟ್ಟಿದ ಎಂಜಿನ್, 500 ತಾಳುತ್ತದೆ. ನನ್ನ ತಕರಾರು ಇಲ್ಲಿದೆ. ತಾಳುವುದು ಬ್ಲಾಕ್. ಎಂಜಿನ್ ಎಂದರೆ ಬ್ಲಾಕ್ ಮಾತ್ರವಲ್ಲ. ಅದರ ಸುತ್ತ ನೂರು ಭಾಗಗಳಿವೆ, ಅವು 280ರ ಲೆಕ್ಕದಲ್ಲಿ ಆರಿಸಿದವು, ಈಗ ಮೂವತ್ತೈದು ವರ್ಷ ಹಳೆಯವು. ‘ಎಷ್ಟು ತಾಳುತ್ತದೆ’ ಎಂದು ಕೇಳಿದರೆ ಉತ್ತರ ಯಾವಾಗಲೂ ತಪ್ಪಾಗುತ್ತದೆ. ‘ಮೊದಲು ಮುರಿಯುವುದು ಯಾವುದು’ ಎಂದು ಕೇಳಬೇಕು. ಆರ್32ರಲ್ಲಿ ಆ ಸರದಿ ಸಾಕಷ್ಟು ಸ್ಪಷ್ಟವಾಗಿದೆ.

ಮೊದಲ ಸರದಿ ಟರ್ಬೊಗಳದು. ನಿಮ್ಮ ಕಾರಿನ ಎರಡೂ ಟರ್ಬೊಗಳಲ್ಲಿ, ಹೊಗೆ ಹಾಯುವ ಬದಿಯ ಚಕ್ರ ಸೆರಾಮಿಕ್‌ನದು, ಅಂದರೆ ಪಿಂಗಾಣಿಯ ಬಂಧು. ಹಗುರವಾದ್ದರಿಂದ ಬೇಗ ವೇಗ ಹಿಡಿಯುತ್ತದೆ, ಆಕ್ಸಿಲರೇಟರ್ ಒತ್ತಿದ ತಕ್ಷಣ ಸ್ಪಂದನ ಸಿಗುತ್ತದೆ. 0.75 ಬಾರ್‌ನಲ್ಲಿ ಅದಕ್ಕೆ ಏನೂ ಆಗುವುದಿಲ್ಲ. 1 ಬಾರ್ ದಾಟಿದರೆ ಉಷ್ಣತೆ ಮತ್ತು ವೇಗ ಎರಡೂ ಸೇರಿ ಲೋಹದ ದಂಡಕ್ಕೂ ಸೆರಾಮಿಕ್ ಚಕ್ರಕ್ಕೂ ಇರುವ ಬೆಸುಗೆಯನ್ನು ಬಿಡಿಸುತ್ತವೆ. ಚಕ್ರ ಕಳಚುತ್ತದೆ ಅಥವಾ ಚೂರಾಗುತ್ತದೆ. ಇದನ್ನು ಮೊದಲು ಅರಿತವರು ನಿಸ್ಸಾನ್‌ನವರೇ. 1990ರಲ್ಲಿ ಪಂದ್ಯದ ಅನುಮತಿಗಾಗಿ ತಂದ 560 ನಿಸ್ಮೊ (ನಿಸ್ಸಾನ್‌ನ ಪಂದ್ಯ ವಿಭಾಗ) ಮಾದರಿಯ ಕಾರುಗಳಿಗೆ ಅವರು ಸೆರಾಮಿಕ್ ಬಿಟ್ಟು ಉಕ್ಕಿನ ಚಕ್ರ ಹಾಕಿದರು. ಟೊಯೊಟಾ ಕೂಡ ಹೀಗೆಯೇ: ಜಪಾನಿನ ಸುಪ್ರಾಗೆ ಸೆರಾಮಿಕ್, ರಫ್ತಿನ 320ರ ಸುಪ್ರಾಗೆ ಉಕ್ಕು ಮತ್ತು ದೊಡ್ಡ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಕೊಳವೆ). ತಯಾರಕರೇ ಶಕ್ತಿ ಏರಿಸುವಾಗ ಮಾಡಿದ ಮೊದಲ ಕೆಲಸವನ್ನು ನಾವು ಬಿಟ್ಟುಬಿಡುವುದಕ್ಕೆ ಯಾವ ಕಾರಣವೂ ಇಲ್ಲ.

ಇಪ್ಪತ್ತು ವರ್ಷಗಳ ಹಿಂದೆ ಗೆಳೆಯನೊಬ್ಬನ ಆರ್32ಕ್ಕೆ ನಾನೇ ನಿಂತು ಬೂಸ್ಟ್ ನಿಯಂತ್ರಕ ಕೂರಿಸಿದ್ದೆ. 1.2 ಬಾರ್ ಇಟ್ಟಿದ್ದೆವು. ಮೊದಲ ಎರಡು ಓಟ ಅದ್ಭುತವಾಗಿದ್ದವು. ಮೂರನೆಯ ಓಟದಲ್ಲಿ 5500 ಸುತ್ತಿನ ಹತ್ತಿರ ಶಿಳ್ಳೆಯ ಸದ್ದು ಕತ್ತರಿಸಿದಂತೆ ನಿಂತಿತು, ಕಾರು ಭಾರವಾಯಿತು. ಸದ್ದೂ ಇಲ್ಲ, ಹೊಗೆಯೂ ಇಲ್ಲ. ಬಿಚ್ಚಿದಾಗ ಹಿಂದಿನ ಟರ್ಬೊದ ದಂಡದ ತುದಿಯಲ್ಲಿ ಚಕ್ರವೇ ಇರಲಿಲ್ಲ, ಅದರ ಚೂರುಗಳು ಕ್ಯಾಟಲಿಟಿಕ್ ಕನ್ವರ್ಟರ್‌ನ ಜಾಲರಿಯಲ್ಲಿ ಮರಳಿನಂತೆ ಕೂತಿದ್ದವು. ಗೆಳೆಯನ ಆರು ತಿಂಗಳ ಉಳಿತಾಯ ಹೋಯಿತು. ಆ ದಿನದಿಂದ ಸೆರಾಮಿಕ್ ಟರ್ಬೊ ಇರುವ ಕಾರಿಗೆ ಬೂಸ್ಟ್ ನಿಯಂತ್ರಕ ಕೂರಿಸುವ ಕೆಲಸವನ್ನು ನಾನು ಒಪ್ಪಿಕೊಂಡಿಲ್ಲ.

ಎರಡನೆಯ ಸರದಿ ಇಂಧನದ್ದು. ಇದು ಟರ್ಬೊಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಟರ್ಬೊ ಹೋದರೆ ಬಹುಪಾಲು ಟರ್ಬೊ ಮಾತ್ರ ಹೋಗುತ್ತದೆ, ಇಂಧನ ಸಾಲದೆ ಹೋದರೆ ಪಿಸ್ಟನ್ ಹೋಗುತ್ತದೆ. ಇದರ ಲೆಕ್ಕ ಸರಳ. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ಣ ಭಾರದಲ್ಲಿ ಪ್ರತಿ ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 5.6 ಸಿಸಿ ಪೆಟ್ರೋಲ್ ಕುಡಿಯುತ್ತದೆ. ನಿಮ್ಮ ಕಾರಿನ ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ ಸುಮಾರು 440 ಸಿಸಿ ಕೊಡಬಲ್ಲದು, ಆರು ಸೇರಿ 2640. ಅವನ್ನು ಸದಾ ತೆರೆದೇ ಇಡುವಂತಿಲ್ಲ, 85 ಶೇಕಡಾ ಎಂದು ಹಿಡಿಯೋಣ: 2244. ಇದನ್ನು 5.6ರಿಂದ ಭಾಗಿಸಿ. 400 ಬರುತ್ತದೆ. ಇದು ಹೊಸ, ಶುದ್ಧ ಇಂಜೆಕ್ಟರ್, ಹೊಸ ಪಂಪ್ ಇದ್ದಾಗಿನ ಮಾತು. 1990ರ ಪಂಪ್ ಅಷ್ಟು ಕೊಡುತ್ತದೆ ಎಂದು ನಂಬಬೇಡಿ. 500 ಎಂದವರನ್ನು ಈ ಒಂದೇ ಲೆಕ್ಕ ಕೇಳಿ ನೋಡಿ: ಪೆಟ್ರೋಲ್ ಎಲ್ಲಿಂದ ಬರುತ್ತದೆ?

ಗಾಳಿಯನ್ನು ಅಳೆಯುವ ಸಾಧನಕ್ಕೂ ಮಿತಿಯಿದೆ. ನಿಮ್ಮ ಕಾರಿನಲ್ಲಿ ಕಾದ ತಂತಿಯ ಎರಡು ಗಾಳಿಮಾಪಕಗಳಿವೆ. ಗಾಳಿ ಹೆಚ್ಚಿದಂತೆ ಅವುಗಳ ವೋಲ್ಟೇಜ್ ಏರುತ್ತದೆ, 5 ವೋಲ್ಟ್ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಅದಕ್ಕಿಂತ ಹೆಚ್ಚಿನ ಗಾಳಿ ಬಂದರೂ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಹಳೆಯ ಮಾಪಕಗಳ ಒಳಗಿನ ಬೆಸುಗೆ ಬಿರುಕು ಬಿಡುವುದೂ ಉಂಟು, ಆಗ ಒಂದು ಕ್ಷಣ ಸರಿಯಾದ ಲೆಕ್ಕ, ಮರುಕ್ಷಣ ತಪ್ಪು ಲೆಕ್ಕ. ಬೂಸ್ಟ್ ಏರಿಸಿದ ಕಾರಿನಲ್ಲಿ ಆ ಮರುಕ್ಷಣ ಒಂದೇ ಸಾಕು.

ಇಂಧನದ ಜೊತೆಗೆ ಆಕ್ಟೇನ್ ಸೇರಿದೆ. ಜಪಾನಿನ ಬಂಕ್‌ಗಳಲ್ಲಿ ಸಿಗುವ ಉತ್ತಮ ದರ್ಜೆಯ ಪೆಟ್ರೋಲ್ 100 ಆಕ್ಟೇನ್‌ನದು. ನಿಮ್ಮ ಕಾರಿನ ಕಂಪ್ಯೂಟರ್‌ನಲ್ಲಿ ಕಿಡಿಯ ಹೊತ್ತನ್ನು ಬರೆದವರು ಅದನ್ನು ನಂಬಿ ಬರೆದಿದ್ದಾರೆ. ಮೆಲ್ಬರ್ನ್‌ನ ಬಂಕ್‌ನಲ್ಲಿ ಸಿಗುವುದು 98. ಎರಡು ಅಂಕ ಅಲ್ಪ ಎನಿಸಬಹುದು. ಆಕ್ಟೇನ್ ಎಂದರೆ ಪೆಟ್ರೋಲ್‌ನ ತಾಳ್ಮೆ. ಕಿಡಿ ಹಚ್ಚುವವರೆಗೆ ಕಾಯದೆ ಬಿಸಿ ಮತ್ತು ಒತ್ತಡಕ್ಕೆ ಮಣಿದು ಮಿಶ್ರಣದ ಮೂಲೆಯೊಂದು ತಾನಾಗಿ ಸ್ಫೋಟಿಸಿದರೆ ಅದನ್ನೇ ನಾಕಿಂಗ್ ಎನ್ನುತ್ತೇವೆ. ಸುತ್ತಿಗೆಯ ಪೆಟ್ಟಿನಂತೆ ಅದು ಪಿಸ್ಟನ್ ಉಂಗುರಗಳ ನಡುವಿನ ತೆಳು ಗೋಡೆಗೆ ಬಡಿಯುತ್ತದೆ. ಮೆಲ್ಬರ್ನ್‌ನ ಜನವರಿಯ 40 ಡಿಗ್ರಿ ಮಧ್ಯಾಹ್ನ, ದಟ್ಟಣೆಯಲ್ಲಿ ನಿಂತು ಬಿಸಿಯೇರಿದ ಇಂಟರ್‌ಕೂಲರ್, 98ರ ಪೆಟ್ರೋಲ್, 1 ಬಾರ್ ಬೂಸ್ಟ್, ಜಪಾನಿಗೆ ಬರೆದ ಕಿಡಿಯ ಹೊತ್ತು: ಈ ಐದೂ ಒಟ್ಟಿಗೆ ಸೇರುವ ದಿನ ನಿಮ್ಮ ಎಂಜಿನ್ ಬಿಚ್ಚುವ ದಿನವಾಗುತ್ತದೆ. ಆದ್ದರಿಂದ ಶಕ್ತಿ ಏರಿಸದಿದ್ದರೂ ಸರಿ, ಸ್ಥಳೀಯ ಪೆಟ್ರೋಲ್‌ಗೆ ತಕ್ಕಂತೆ ಕಂಪ್ಯೂಟರ್ ಲೆಕ್ಕವನ್ನು ಬದಲಿಸಿಕೊಳ್ಳುವುದು ನಿಮ್ಮ ಮೊದಲ ಖರ್ಚಾಗಬೇಕು. ಆಸ್ಟ್ರೇಲಿಯಾದಲ್ಲಿ ಈ ಕೆಲಸ ಬಲ್ಲವರು ಬಹಳ ಮಂದಿ ಇದ್ದಾರೆ, ಅದು ನಿಮ್ಮ ಅದೃಷ್ಟ. 85 ಶೇಕಡಾ ಎಥನಾಲ್ ಇರುವ ಇಂಧನವೂ ಅಲ್ಲಿ ಸಿಗುತ್ತದೆ. ಅದು ನಾಕಿಂಗ್ ಅನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಇಂಧನ ಬೇಡುತ್ತದೆ. ಮೇಲಿನ ಇಂಜೆಕ್ಟರ್ ಲೆಕ್ಕವನ್ನು ಆಗ ಮತ್ತೆ ಮಾಡಬೇಕು.

ಮೂರನೆಯದು ಎಣ್ಣೆ. ಆರ್‌ಬಿ26 ಬಗ್ಗೆ ನನಗೆ ನಿಜವಾದ ದುಃಖ ಇರುವುದು ಇದರಲ್ಲಿ, ಏಕೆಂದರೆ ಇಷ್ಟು ಒಳ್ಳೆಯ ಎಂಜಿನ್ ಇಷ್ಟು ಚಿಕ್ಕ ತಪ್ಪಿನಿಂದ ಸಾಯುತ್ತದೆ. ಎಣ್ಣೆಯ ಪಂಪ್ ಅನ್ನು ತಿರುಗಿಸುವುದು ಕ್ರ್ಯಾಂಕ್‌ಶಾಫ್ಟ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ) ಮೂತಿಯಲ್ಲಿ ಕೊರೆದ ಎರಡು ಚಪ್ಪಟೆ ಮುಖಗಳು. ನಿಮ್ಮ 1990ರ ಎಂಜಿನ್‌ನಲ್ಲಿ ಆ ಮುಖಗಳು ಬಹಳ ಕಿರಿದು, ಪಂಪ್‌ನ ಗಿಯರ್ ಅದರ ಅಂಚಿನ ಮೇಲೆ ಮಾತ್ರ ಕೂರುತ್ತದೆ. ಮುಂದಿನ ಎಂಜಿನ್‌ಗಳಲ್ಲಿ ಅದನ್ನು ಅಗಲ ಮಾಡಿದರು. ಸುತ್ತುಗಳು ಮಿತಿಗೆ ಬಡಿದು ಕ್ರ್ಯಾಂಕ್‌ಶಾಫ್ಟ್ ಅದುರಿದಾಗ ಗಿಯರ್ ಬಿರುಕು ಬಿಡುತ್ತದೆ, ಎಣ್ಣೆ ನಿಲ್ಲುತ್ತದೆ, ಹತ್ತು ಸೆಕೆಂಡಿನಲ್ಲಿ ಬೇರಿಂಗ್‌ಗಳು ಮುಗಿಯುತ್ತವೆ. ಇದರ ಮೇಲೆ ಇನ್ನೊಂದು ಸಂಗತಿ: ಈ ಎಂಜಿನ್ ಎಣ್ಣೆಯನ್ನು ಮೇಲಿನ ಕವಾಟಗಳ ಕಡೆಗೆ ಅಗತ್ಯಕ್ಕಿಂತ ಹೆಚ್ಚು ತಳ್ಳುತ್ತದೆ, ಅಲ್ಲಿಂದ ಕೆಳಗಿಳಿಯುವ ದಾರಿ ಇಕ್ಕಟ್ಟು. ರೇಸ್ ಟ್ರ್ಯಾಕ್‌ನ ದೀರ್ಘ ತಿರುವಿನಲ್ಲಿ ಎಣ್ಣೆಯೆಲ್ಲ ಮೇಲೆ ಕೂತು ಕೆಳಗಿನ ಪಾತ್ರೆ ಬರಿದಾಗುತ್ತದೆ. ಕ್ರ್ಯಾಂಕ್‌ಶಾಫ್ಟ್ ಮೂತಿಗೆ ಅಗಲದ ಕೊರಳಪಟ್ಟಿ, ಗಟ್ಟಿ ಪಂಪ್, ಮೇಲಕ್ಕೆ ಹೋಗುವ ಎಣ್ಣೆಗೆ ತಡೆ, ಪಾತ್ರೆಗೆ ಅಡ್ಡಗೋಡೆ ಇವೆಲ್ಲ ಇದಕ್ಕಿರುವ ಮದ್ದು. ಕೊರಳಪಟ್ಟಿ ಕೂರಿಸಬೇಕಾದರೆ ಕ್ರ್ಯಾಂಕ್‌ಶಾಫ್ಟ್ ಹೊರಬರಬೇಕು, ಅಂದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ‘ಎಂಜಿನ್ ಬಿಚ್ಚದೆ 500’ ಎಂಬ ಮಾತು ಇಲ್ಲಿಗೆ ನಿಲ್ಲುತ್ತದೆ.

ಹಾಗಾದರೆ ಬಿಚ್ಚದೆ ಎಷ್ಟು? ನನ್ನ ಅಭಿಪ್ರಾಯದಲ್ಲಿ, ಎಂಜಿನ್‌ನ ಆರೋಗ್ಯ ಸಾಬೀತಾದರೆ ಎರಡು ಒಳ್ಳೆಯ ನಿಲ್ದಾಣಗಳಿವೆ. ಮೊದಲನೆಯದು 320. ಹಳೆಯ ಟರ್ಬೊ, ಹಗುರ ಉಸಿರಿನ ಎಕ್ಸಾಸ್ಟ್, ಹೊಸ ಇಂಧನ ಪಂಪ್, ಸ್ಥಳೀಯ ಪೆಟ್ರೋಲ್‌ಗೆ ಬರೆದ ಲೆಕ್ಕ, ಬೂಸ್ಟ್ 0.9 ಬಾರ್ ದಾಟಬಾರದು. ಎರಡನೆಯದು 380ರಿಂದ 400. ಇದಕ್ಕೆ ಹಳೆಯ ಜಾಗದಲ್ಲಿಯೇ ಕೂರುವ ಉಕ್ಕಿನ ಚಕ್ರದ ಜೋಡಿ ಟರ್ಬೊ, ದೊಡ್ಡ ಇಂಜೆಕ್ಟರ್, ಹೊಸ ಗಾಳಿಮಾಪಕ ಅಥವಾ ಒತ್ತಡ ಅಳೆಯುವ ಹೊಸ ಕಂಪ್ಯೂಟರ್, ಹೊಸ ಕ್ಲಚ್ ಬೇಕು. ನಿಮ್ಮ ಬೂಸ್ಟ್ ನಿಯಂತ್ರಕ ಪೆಟ್ಟಿಗೆಯಿಂದ ಹೊರಬರುವುದು ಈ ಹಂತದಲ್ಲಿ. 400ರ ಆರ್‌ಬಿ26 ಸುಖಜೀವಿ: 8.5ರ ಸಂಕೋಚನ ಅನುಪಾತ, ಮೂಲ ಪಿಸ್ಟನ್, ಮೂಲ ರಾಡ್‌ಗಳು ಆ ಒತ್ತಡವನ್ನು ದೂರಿಲ್ಲದೆ ಹೊರುತ್ತವೆ. 450 ದಾಟುವವರು ನನ್ನ ಬಳಿ ಬಂದರೆ ಎಂಜಿನ್ ಬಿಚ್ಚಿ ಹೊಸ ಪಿಸ್ಟನ್, ರಾಡ್ ಹಾಕಿಯೇ ಮುಂದಿನ ಮಾತು ಎನ್ನುತ್ತೇನೆ.

500ರ ಕಾರು ಓಡಿಸಲು ಅಷ್ಟೇನೂ ಹಿತವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ದೊಡ್ಡ ಟರ್ಬೊ ಎದ್ದೇಳುವ ಹೊತ್ತಿಗೆ 4500 ಸುತ್ತು ಕಳೆದಿರುತ್ತದೆ. ಊರೊಳಗೆ, ಗುಡ್ಡದ ರಸ್ತೆಯಲ್ಲಿ, ಅಂದರೆ ನೀವು ಈ ಕಾರನ್ನು ನಿಜವಾಗಿ ಓಡಿಸುವ ಕಡೆಗಳಲ್ಲಿ, 380ರ ಕಾರು ಅದಕ್ಕಿಂತ ಚುರುಕು. 1430 ಕಿಲೋ ತೂಕದ ಈ ಕಾರಿಗೆ ಕಾರ್ಖಾನೆಯಿಂದ ಬಂದ ಟೈರು 225 ಮಿಲಿಮೀಟರ್ ಅಗಲದ್ದು, 16 ಇಂಚಿನದು. ಬ್ರೇಕು ಸಾಲದು ಎಂದು ನಿಸ್ಸಾನ್‌ನವರೇ ಒಪ್ಪಿಕೊಂಡಂತೆ 1993ರ ವಿ-ಸ್ಪೆಕ್ ಮಾದರಿಗೆ ಬ್ರೆಂಬೊ ಬ್ರೇಕು, 17 ಇಂಚಿನ ಚಕ್ರ ಕೊಟ್ಟರು. ಆಗಲೂ ಶಕ್ತಿ 280 ಇತ್ತು ಎಂಬುದನ್ನು ಗಮನಿಸಿ. 280ಕ್ಕೇ ದೊಡ್ಡ ಬ್ರೇಕು ಬೇಕಾಗಿತ್ತು. ನಿಮ್ಮದು 1990ರ ಕಾರು, ಆದ್ದರಿಂದ ಟರ್ಬೊಗೆ ಮೊದಲು ಬ್ರೇಕಿನ ಹಣ ತೆಗೆದಿಡಿ.

ಡೈನೊ ಯಂತ್ರದ ಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. ಅದು ಅಳೆಯುವುದು ಚಕ್ರಕ್ಕೆ ತಲುಪಿದ ಶಕ್ತಿಯನ್ನು. ಎಂಜಿನ್‌ನಿಂದ ಚಕ್ರದವರೆಗೆ ನಷ್ಟ ಎಷ್ಟು ಎಂಬುದು ಯಂತ್ರದಿಂದ ಯಂತ್ರಕ್ಕೆ, ಟೈರಿನಿಂದ ಟೈರಿಗೆ ಬದಲಾಗುತ್ತದೆ. ‘ಇಷ್ಟು ಶೇಕಡಾ ಸೇರಿಸಿಕೊಳ್ಳಿ’ ಎನ್ನುವವರನ್ನು ನಂಬಬೇಡಿ. ಒಂದೇ ಯಂತ್ರ, ಒಂದೇ ಬಗೆಯ ದಿನ, ಕೆಲಸಕ್ಕೆ ಮೊದಲು ಒಮ್ಮೆ, ನಂತರ ಒಮ್ಮೆ ಅಳೆಸಿ. ಸಂಖ್ಯೆಗಿಂತ ರೇಖೆಯ ಆಕಾರ ನೋಡಿ. ಜೊತೆಗೆ ಗಾಳಿ ಮತ್ತು ಪೆಟ್ರೋಲ್‌ನ ಅನುಪಾತದ ರೇಖೆಯನ್ನೂ ಕೇಳಿ ಪಡೆಯಿರಿ. ಪೂರ್ಣ ಬೂಸ್ಟ್‌ನಲ್ಲಿ ಅದು 11.5ರಿಂದ 12ರ ನಡುವೆ ಇರಬೇಕು. ಮೇಲಿನ ಸುತ್ತುಗಳಲ್ಲಿ 13ರ ಕಡೆಗೆ ಏರುತ್ತಿದ್ದರೆ ಎಂಜಿನ್ ಹಸಿದಿದೆ ಎಂದರ್ಥ. ಅಲ್ಲಿಗೆ ಆ ದಿನದ ಕೆಲಸ ನಿಲ್ಲಿಸಬೇಕು.

ಬದಲಾವಣೆಗಳ ಪಟ್ಟಿಯನ್ನು ವಿಮೆ ಕಂಪನಿಗೆ ಬರಹದಲ್ಲಿ ಕೊಡಿ. ದೊಡ್ಡ ಬದಲಾವಣೆಗಳಿಗೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಮಾನ್ಯತೆ ಪಡೆದ ಎಂಜಿನಿಯರ್‌ನ ಪ್ರಮಾಣಪತ್ರ ಬೇಕಾಗುತ್ತದೆ, ಕೆಲಸ ಆರಂಭಿಸುವ ಮೊದಲೇ ಅವರೊಡನೆ ಮಾತನಾಡಿ. ಊರಿನಲ್ಲಿ ಇದನ್ನು ಓದುತ್ತಿರುವವರಿಗೂ ಒಂದು ಮಾತು: ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದಿದೆ. ಮೆಲ್ಬರ್ನ್‌ಗೆ ಹೇಳಿದ ಸಲಹೆ ದಾವಣಗೆರೆಗೆ ಹೊಂದುವುದಿಲ್ಲ.

280ರ ಕತೆಯ ಕೊನೆಯನ್ನು ಹೇಳದೆ ಬಿಟ್ಟಿದ್ದೆ. 2004ರಲ್ಲಿ ಸಂಘ ಆ ಕಟ್ಟನ್ನು ಕೈಬಿಟ್ಟಿತು, ಅದೇ ವರ್ಷ ಹೋಂಡಾ ಲೆಜೆಂಡ್ 300 ಪಿಎಸ್‌ನೊಂದಿಗೆ ಬಂದಿತು. ರಸ್ತೆ ಸಾವುಗಳು ಆ ಹೊತ್ತಿಗೆ 7,500ಕ್ಕಿಂತ ಕೆಳಗಿಳಿದಿದ್ದವು. ಸೀಟ್ ಬೆಲ್ಟ್, ಏರ್‌ಬ್ಯಾಗ್, ಕುಡಿದು ಓಡಿಸುವವರ ಮೇಲಿನ ಕಠಿಣ ಕಾನೂನು, ಆಸ್ಪತ್ರೆಗಳ ತುರ್ತು ಸೇವೆ ಎಲ್ಲದರ ಪಾಲೂ ಅದರಲ್ಲಿದೆ. 280ರ ಪಾಲು ದೊಡ್ಡದಿತ್ತು ಎಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಗಂಟೆಗೆ 100 ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ ಕೊಲ್ಲಲು 100 ಅಶ್ವಶಕ್ತಿಯೂ ಸಾಕು. 2007ರ ಹೊತ್ತಿಗೆ ಜಿಟಿ-ಆರ್ 480 ಪಿಎಸ್ ಮುಟ್ಟಿತು. ‘ಕೇ’ ಎಂಬ ಜಪಾನಿನ ಅತಿ ಸಣ್ಣ ವರ್ಗದ ಕಾರುಗಳ ಮೇಲಿನ 64 ಪಿಎಸ್ ಮಿತಿ ಮಾತ್ರ ಇಂದಿಗೂ ಉಳಿದಿದೆ. ಅದನ್ನು ಮೊದಲು ಮುಟ್ಟಿದ ಕಾರು 1987ರ ಸುಜುಕಿ ಆಲ್ಟೊ ವರ್ಕ್ಸ್, 550 ಸಿಸಿ ವರ್ಗದ ಟರ್ಬೊ. ಅದರ ಮೈಕಟ್ಟು ನಿಮಗೆ ಪರಿಚಿತವಾದದ್ದೇ: 1986ರಿಂದ ನಮ್ಮ ಬೀದಿಗಳಲ್ಲಿ ಓಡಿದ ಮಾರುತಿ 800 ಅದೇ ಪೀಳಿಗೆಯ ಆಲ್ಟೊದಿಂದ ಬಂದದ್ದು. ನಮ್ಮ ಮನೆಯಲ್ಲಿದ್ದ ಮಾರುತಿಗೆ ನಲವತ್ತು ಕುದುರೆಗಳೂ ಇರಲಿಲ್ಲ. ಅದರ ಸೋದರ ಜಪಾನಿನಲ್ಲಿ 64ರ ಗೆರೆಗೆ ತಲೆ ಬಡಿಯುತ್ತಿತ್ತು ಎಂದು ತಿಳಿದದ್ದು ನಾನು ಎಂಜಿನಿಯರಿಂಗ್ ಓದುವಾಗ.

ಈಗ ನೀವು ಮಾಡಬೇಕಾದದ್ದು. ಟೈಮಿಂಗ್ ಬೆಲ್ಟ್ 1,00,000 ಕಿಲೋಮೀಟರ್‌ಗೆ ಬದಲಾಗಿದೆ ಎಂಬುದಕ್ಕೆ ಕಾಗದದ ಪುರಾವೆ ಇದೆಯೇ ನೋಡಿ, ಇಲ್ಲದಿದ್ದರೆ ನಾಳೆಯೇ ಬದಲಿಸಿ. ನಿರ್ವಾತದ ಎಲ್ಲ ರಬ್ಬರ್ ನಳಿಕೆಗಳನ್ನು ಹೊಸದಾಗಿ ಹಾಕಿಸಿ. ಹಳದಿ ಗುರುತಿನ ಆ ತುಂಡು ಇನ್ನೂ ಜಾಗದಲ್ಲಿದೆಯೇ ಎಂದು ಹುಡುಕಿ. ಅದು ಇಲ್ಲದಿದ್ದರೆ ನಿಮಗಿಂತ ಮುಂಚಿನ ಒಡೆಯರೊಬ್ಬರು ಈ ಕಾರಿನ ಬೂಸ್ಟ್ ಏರಿಸಿಯೇ ಓಡಿಸಿದ್ದಾರೆ, ‘ಮುಟ್ಟದ ಎಂಜಿನ್’ ಎಂಬ ಮಾರಾಟಗಾರರ ಮಾತನ್ನು ಅಲ್ಲಿಗೆ ಮರೆಯಬೇಕು. ಆರೂ ಸಿಲಿಂಡರ್‌ಗಳ ಸಂಕೋಚನ ಪರೀಕ್ಷೆ ಮತ್ತು ಸೋರಿಕೆ ಪರೀಕ್ಷೆ ಮಾಡಿಸಿ. ಸಂಖ್ಯೆ ಎಷ್ಟಿದೆ ಎಂಬುದಕ್ಕಿಂತ ಆರರ ನಡುವೆ ವ್ಯತ್ಯಾಸ ಎಷ್ಟು ಎಂಬುದು ಮುಖ್ಯ. ಅರ್ಧ ಗಂಟೆ ಓಡಿಸಿ ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ, ನಿಂತಲ್ಲೇ ಎಂಜಿನ್ ಓಡುವಾಗ ಮತ್ತು 4000 ಸುತ್ತಿನಲ್ಲಿ ಎಣ್ಣೆಯ ಒತ್ತಡ ಎಷ್ಟಿದೆ ಎಂದು ಪ್ರತ್ಯೇಕ ಮಾಪಕ ಜೋಡಿಸಿ ಬರೆದುಕೊಳ್ಳಿ. ಮೂವತ್ತು ವರ್ಷ ದಾಟಿದ ಡ್ಯಾಶ್‌ಬೋರ್ಡ್ ಮಾಪಕವನ್ನು ನೆಚ್ಚಬೇಡಿ. ಈ ಹದಿನಾಲ್ಕು ಸಂಖ್ಯೆಗಳನ್ನು, ಅಂದರೆ ಸಂಕೋಚನದ ಆರು, ಸೋರಿಕೆಯ ಆರು, ಎಣ್ಣೆಯ ಎರಡನ್ನು, ನನಗೆ ಬರೆದು ಕಳುಹಿಸಿ. ಯಾವ ಟರ್ಬೊ, ಯಾವ ಇಂಜೆಕ್ಟರ್ ಎಂಬುದನ್ನು ಅವನ್ನು ನೋಡಿದ ಮೇಲೆ ನಿರ್ಧರಿಸೋಣ.